ಆಬದಾರರ ಮನೆಯ ನೀರು

ಹುಡುಗಿ ನೋಡಲು ಬಂದ ದಿನ ನನ್ನ ಮಾವ ಮೊದಲು ಹೇಳಿದ್ದು ಮಗನ ನೌಕರಿಯ ಮಾತಲ್ಲ, ವಿಕ್ರೋಳಿಯ ಫ್ಲ್ಯಾಟಿನ ಮಾತೂ ಅಲ್ಲ. ಬೈಕುಲ್ಲಾದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಮಡಚುವ ಕುರ್ಚಿಯ ಮೇಲೆ ಕೂತು, ತಲೆಯಲ್ಲಿ ರುಮಾಲು ಇಲ್ಲದಿದ್ದರೂ ಇದ್ದವರ ಹಾಗೆ ಕತ್ತು ಎತ್ತಿ, "ನಾವು ಆಬದಾರ ಮನೆತನದವರು" ಅಂದರು.

ನನ್ನ ಅಪ್ಪ ಉಡುಪಿ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ಮೂವತ್ತು ವರ್ಷ ನಿಂತ ಮನುಷ್ಯ. ಮನೆತನ ಗಿನೆತನ ಎಲ್ಲ ಅವರಿಗೆ ತಲೆಗೆ ಹೋಗುವ ವಿಷಯವಲ್ಲ. "ಹಾಗಂದ್ರೆ ಎಂತದ್ದು?" ಎಂದು ನಿಜವಾಗಿಯೂ ತಿಳಿಯದೆ ಕೇಳಿದರು.

"ಬಿಜಾಪುರದ ಬಾದಶಾಹನ ದರಬಾರದಾಗ ನಮ್ಮ ಹಿರ್ಯಾರು ಸಿಂಹಾಸನದಿಂದ ಒಂದು ಮೊಳ ದೂರ ನಿಂದರತಿದ್ರು. ಒಂದ ಮೊಳ! ವಜೀರಗೂ ಅಷ್ಟ ಹತ್ರ ಜಾಗಾ ಇದ್ದಿಲ್ಲ."

"ಹೌದಾ? ನಿಂತು ಎಂತ ಮಾಡ್ತಿದ್ರು?"

ಮಾವ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿ ಕೂತಿದ್ದ ಅವರ ತಮ್ಮ, ಅಂದರೆ ದಾದರಿನ ಕಾಕಾ, ಒಮ್ಮೆ ಕೆಮ್ಮಿ, "ಅದೆಲ್ಲಾ ದೊಡ್ಡ ಕಾರಭಾರರೀ, ಹೇಳಾಕ ಕುಂತ್ರ ದಿನಾ ಸಾಲಂಗಿಲ್ಲ" ಅಂತ ಸಾವರಿಸಿದರು. ಅಪ್ಪ ಕೆಳಗಿನಿಂದ ಕಾಫಿ ತರಿಸಿದರು. ನಾನೂ ಹುಡುಗನೂ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತ ಮೊದಲೇ ಒಪ್ಪಿಕೊಂಡಿದ್ದರಿಂದ ಮದುವೆಯೂ ಆಯಿತು. ಅಪ್ಪನ ಪ್ರಶ್ನೆಗೆ ಉತ್ತರ ಸಿಗಲು ಮಾತ್ರ ಇಪ್ಪತ್ತೆರಡು ವರ್ಷ ಹಿಡಿಯಿತು. ಅದು ಸಿಗುವ ಹೊತ್ತಿಗೆ ಅಪ್ಪ ಇರಲಿಲ್ಲ, ಮತ್ತು ನನ್ನ ಮಗಳು ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದಳು.

ಈ ಮನೆಗೆ ಬಂದ ಮೇಲೆ ನನಗೆ ಗೊತ್ತಾದದ್ದು, ಆ ಪ್ರಶ್ನೆಗೆ ಇಲ್ಲಿ ತಲೆಗೊಂದು ಉತ್ತರ ಇದೆ ಎಂದು. ಮಾವನ ಪ್ರಕಾರ ಆಬದಾರ ಅಂದರೆ ಬಾದಶಾಹನ ಮುತ್ತುರತ್ನದ ಪೆಟ್ಟಿಗೆ ಕಾಯುವವ. ಕಾಕಾ ಪ್ರಕಾರ ಖಡ್ಗಗಳಿಗೆ ಹೊಳಪು ಕೊಡುವ ದಳದ ಮುಖ್ಯಸ್ಥ. ವರ್ಷ ಹೋದ ಹಾಗೆ ಆ ಹೊಳಪಿನ ಕೆಲಸ ಬಿದ್ದುಹೋಗಿ ದಳದ ಮುಖ್ಯಸ್ಥ ಮಾತ್ರ ಉಳಿದ. ನನ್ನ ಮಗಳ ನಾಮಕರಣದ ಹೊತ್ತಿಗೆ ಅವ ಪೂರಾ ಸೇನಾಪತಿಯೇ ಆಗಿದ್ದ. ನನ್ನ ಗಂಡನನ್ನು ಕೇಳಿದರೆ, "ಇಂಗ್ಲಿಷಿನಲ್ಲಿ ಎ ಅಕ್ಷರದಿಂದ ಶುರುವಾಗ್ತದ, ಸ್ಕೂಲಿನ್ಯಾಗ ಹಾಜರಿ ಮೊದಲ ಕರೀತಿದ್ರು, ಅಷ್ಟ ಲಾಭ" ಎಂದು ಪೇಪರು ತಿರುವಿಹಾಕುತ್ತಿದ್ದರು. ಅತ್ತೆಗೆ ಮಾತ್ರ ಯಾವ ಅಭಿಪ್ರಾಯವೂ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ನಲ್ಲಿ ಬರುತ್ತದೆ, ಆರೂವರೆಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಅವರು ಪಿಂಪು ಎನ್ನುವ ಡ್ರಮ್ಮು, ಬಕೆಟ್ಟು, ಬಿಂದಿಗೆ, ಕೊನೆಗೆ ಇಡ್ಲಿ ಪಾತ್ರೆಯನ್ನೂ ಬಿಡದೆ ತುಂಬಿಸುತ್ತಿದ್ದರು.

ನಮ್ಮ ಬಿಲ್ಡಿಂಗಿನ ಸಂಗತಿಯನ್ನೂ ಇಲ್ಲಿ ಹೇಳಬೇಕು. ಎರಡು ವಿಂಗು, ಏಳು ಮಾಳಿಗೆ, ಮತ್ತು ಹುದ್ದೆ ಇಲ್ಲದ ಗಂಡಸು ಸಿಗುವುದು ಕಷ್ಟ. ಸೆಕ್ರೆಟರಿ ಇದ್ದಾರೆ, ಲಿಫ್ಟ್ ಇನ್‌ಚಾರ್ಜ್ ಇದ್ದಾರೆ, ಪಾರ್ಕಿಂಗ್ ಇನ್‌ಚಾರ್ಜ್ ಇದ್ದಾರೆ, ಗಣಪತಿಗೆ ಬೇರೆ, ಲೈಟಿಂಗಿಗೆ ಬೇರೆ. ಇವರೆಲ್ಲರ ಮೇಲೆ ಚೇರ್ಮನ್ನರು. ಕೆಳಗೆ ಪಾರ್ಕಿಂಗಿನಲ್ಲಿ ಮೀಟಿಂಗ್ ಆದಾಗ ನಮಗೆಲ್ಲ ಪ್ಲಾಸ್ಟಿಕ್ ಕುರ್ಚಿ. ಅವರಿಗೆ ಮಾತ್ರ ಅವರ ಮನೆಯ ತಿರುಗುವ ಕುರ್ಚಿಯನ್ನು ವಾಚ್‌ಮನ್ ಲಿಫ್ಟಿನಲ್ಲಿ ಇಳಿಸಿ ತರಬೇಕು. ಅದರ ಹಿಂದೆಯೇ ಒಂದು ಸೀಲು ಒಡೆಯದ ಬಿಸ್ಲೇರಿ ಬಾಟಲಿ ಬರುತ್ತದೆ. ಅವರು ಕೂತ ಮೇಲೆ ನಾವು ಕೂರುವುದು. ಯಾರೂ ಹೇಳಿಕೊಟ್ಟದ್ದಲ್ಲ, ಹಾಗೇ ನಡೆದುಕೊಂಡು ಬಂದಿದೆ.

ಮಾವ ಫ್ಯಾಕ್ಟರಿಯಿಂದ ರಿಟೈರ್ ಆಗಿ ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಕೂತ ಮೇಲೆ ಹಳೆಯ ವಾಟರ್ ಇನ್‌ಚಾರ್ಜ್ ಊರಿಗೆ ಹೋದರು. ಆ ಕೆಲಸ ಯಾರಿಗೆ ಬೇಕು ಹೇಳಿ? ನೀರು ಬಾರದಿದ್ದರೆ ಬೈಗುಳ, ಬಂದರೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಮೀಟಿಂಗಿನಲ್ಲಿ ಎಲ್ಲರೂ ತಮ್ಮ ತಮ್ಮ ಮೊಬೈಲಿನೊಳಗೆ ತಲೆ ಹಾಕಿದಾಗ ಚೇರ್ಮನ್ನರು ತಿರುಗುವ ಕುರ್ಚಿಯನ್ನು ನಮ್ಮ ಮಾವನ ಕಡೆ ತಿರುಗಿಸಿ, "ಆಬದಾರ್ ಸಾಹಬ್, ಆಪ್ ಜೈಸಾ ಜಿಮ್ಮೇದಾರ್ ಆದ್ಮಿ..." ಎಂದು ಅವರ ಜವಾಬ್ದಾರಿತನವನ್ನು ಹೊಗಳಿದರು. ಸಾಹಬ್ ಅಂದದ್ದೇ ಸಾಕಾಯಿತು. ಮಾವ ಎದ್ದು ನಿಂತು ಕೈ ಮುಗಿದರು. ಆ ಸಂಜೆ ದಾದರಿನಿಂದ ಕಾಕಾ ಪೇಡೆ ತಂದರು. ಮಾರಾಯ್ರೇ, ಒಂದು ವಾಲ್ವಿನ ಚಾವಿ ಸಿಕ್ಕಿದ್ದಕ್ಕೆ ಪೇಡೆ! "ನಮ್ಮ ಮನೆತನಕ್ಕ ಅಧಿಕಾರ ಹೊಸಾದಲ್ಲ ಬಿಡ್ರಿ" ಎಂದು ಅವರು ನನಗೂ ಒಂದು ಪೇಡೆ ಕೊಟ್ಟರು.

ಒಪ್ಪಿಕೊಳ್ಳಬೇಕು, ಮೊದಮೊದಲು ಮಾವ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಬೆಳಿಗ್ಗೆ ಐದಕ್ಕೆ ಇಳಿದು ಚಾವಿ ತಿರುಗಿಸಿ, ನೆಲದಡಿಯ ಟ್ಯಾಂಕ್ ತುಂಬಿದೆಯೋ ಕೇಳಿ, ಪಂಪ್ ಹಾಕಿಸಿ, ಮೇಲೆ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು. ಆದರೆ ಕಳೆದ ಮೇ ತಿಂಗಳಲ್ಲಿ ಮಳೆಗೆ ಮುಂಚೆ ಟ್ಯಾಂಕ್ ತೊಳೆಸುವ ಕೆಲಸ ಬಂತು. ತೊಳೆದು ಮುಗಿದ ಮೇಲೆ ಒಂದು ಸರ್ಟಿಫಿಕೇಟು ನೋಟೀಸ್ ಬೋರ್ಡಿಗೆ ಅಂಟಿಸಬೇಕು: ಟ್ಯಾಂಕನ್ನು ಪರೀಕ್ಷಿಸಲಾಗಿದೆ, ನೀರು ಕುಡಿಯಲು ಯೋಗ್ಯ. ಕೆಳಗೆ ವಾಟರ್ ಇನ್‌ಚಾರ್ಜ್ ಸಹಿ. ಆ ಕಾಗದ ಗಾಜಿನ ಹಿಂದೆ ಹೋದ ದಿನ ಮಾವ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಮೂರು ಸಲ ಇಳಿದರು, ಬೋರ್ಡಿನ ಮುಂದೆ ನಿಲ್ಲಲಿಕ್ಕೆ.

ಅಷ್ಟಕ್ಕೇ ನಿಲ್ಲಲಿಲ್ಲ ಅವರ ಆಡಳಿತ. ಮರುದಿನ ಅಡುಗೆಮನೆಗೆ ಬಂದು, ಅತ್ತೆ ನೀರು ಕುದಿಸಲು ಇಟ್ಟಿದ್ದ ಪಾತ್ರೆಯ ಕೆಳಗೆ ಗ್ಯಾಸು ಆರಿಸಿದರು. "ಕೆಳಗ ನಾ ಸಹಿ ಮಾಡೀನಿ, ಮ್ಯಾಲ ನೀವು ನೀರು ಕಾಸತೀರಿ. ಕೆಲಸದಾಕಿ ನಾಕು ಮನೀಗೆ ಹೇಳ್ತಾಳ. ಇನ್‌ಚಾರ್ಜ್ ಮನ್ಯಾಗ ನೀರು ಕಾಸಿ ಕುಡೀತಾರಂದ್ರ ನನ್ನ ಮರ್ಯಾದಿ ಏನಾತು?" ನಲ್ಲಿಗೆ ಕಟ್ಟಿದ್ದ ಫಿಲ್ಟರು ಅದೇ ವಾರ ಅಟ್ಟಕ್ಕೆ ಹೋಯಿತು. ಮಧ್ಯಾಹ್ನ ಮಾವ ಮಲಗಿದಾಗ ಅತ್ತೆ ಒಂದು ಚೊಂಬು ನೀರು ಕಳ್ಳತನದಲ್ಲಿ ಕುದಿಸಿ ತಮಗೂ ಅವರಿಗೂ ಇಡುತ್ತಿದ್ದರಂತೆ. ನನಗೂ ಇವರಿಗೂ ದಿನವಿಡೀ ಆಫೀಸಿನ ನೀರು. ಉಳಿದವಳು ಮಗಳು. ಕಾಲೇಜಿನಿಂದ ಬಂದವಳೇ ಪಿಂಪಿನಿಂದ ಬಾಟಲಿ ತುಂಬಿ ಗಟಗಟ ಕುಡಿಯುವುದು ಅವಳ ಅಭ್ಯಾಸ.

ಜುಲೈಯಲ್ಲಿ ಅವಳಿಗೆ ಜ್ವರ ಬಂತು, ಆಮೇಲೆ ವಾಂತಿ, ಆಮೇಲೆ ಒಂದು ಬೆಳಿಗ್ಗೆ ಕಣ್ಣು ಅರಿಶಿನದ ನೀರಿನಲ್ಲಿ ತೊಳೆದ ಹಾಗೆ. "ಕಾಮಣಿ ಆಗೇತಿ" ಎಂದು ಅತ್ತೆ ದೂರದಿಂದಲೇ ಹೇಳಿದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಅದನ್ನೇ ಹೇಳಿ, "ನೀರಿನಿಂದ ಬರುವ ರೋಗ. ನಿಮ್ಮ ಬಿಲ್ಡಿಂಗಿನಿಂದ ಇನ್ನೂ ಮೂರು ಜನ ಬಂದಿದ್ದಾರೆ, ಟ್ಯಾಂಕ್ ನೋಡಿಸಿ" ಅಂದರು. ನಾನು ರಿಕ್ಷಾದಲ್ಲಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಬರುವಾಗ ಮಾವನ ಮೇಲೆ ಎಷ್ಟು ಸಿಟ್ಟು ಬಂತು ಎಂದರೆ, ಅದನ್ನು ಬರೆಯಲಿಕ್ಕೆ ನಾಚಿಕೆಯಾಗುತ್ತದೆ.

ಬಾಗಿಲಲ್ಲೇ ಕೇಳಿದೆ. "ಮಾವ, ಟ್ಯಾಂಕಿನೊಳಗೆ ಇಣುಕಿ ನೋಡಿ ಸಹಿ ಮಾಡಿದ್ರಾ?"

"ನೋಡದ ಹಂಗ ಮಾಡ್ತಾರೇನವಾ?"

"ನೀವೇ ನೋಡಿದ್ರಾ?"

"ಫೋಟೋ ನೋಡೀನಿ. ಚೇರ್ಮನ್ರು ವಾಟ್ಸಾಪಿನ್ಯಾಗ ಕಳಿಸಿದ್ರು." ಆಮೇಲೆ ಧ್ವನಿ ಏರಿಸಿ, "ಈ ಹುಡುಗಿ ಸ್ಟೇಷನ್ ಹತ್ರ ಪಾನಿಪುರಿ ತಿಂತಾಳ. ಅದನ್ನ ಯಾರೂ ಕೇಳಂಗಿಲ್ಲ. ಎಲ್ಲಾ ಬಂದು ನನ್ನ ಟ್ಯಾಂಕಿಗೆ ಹತ್ತತೈತಿ!" ಅಂದರು.

ಬೀಗದ ಫ್ಯಾಕ್ಟರಿಯಲ್ಲಿ ಮಾವ ಇದ್ದದ್ದು ಮಾಲು ಪರೀಕ್ಷಿಸುವ ಚೆಕ್ಕಿಂಗಿನಲ್ಲಿ. ಬೀಗದ ಪ್ರತಿಯೊಂದು ತುಂಡನ್ನೂ ತಿರುಗಿಸಿ ನೋಡಿದ ಮೇಲೆಯೇ ಪಾಸು ಎಂಬ ಶಿಕ್ಕಾ ಹೊಡೆಯುತ್ತಿದ್ದೆ ಎಂದು ನಮಗೆ ಸಾವಿರ ಸಲ ಹೇಳಿದವರು. ಬೀಗಕ್ಕೆ ಇದ್ದ ಬೆಲೆ ಮೊಮ್ಮಗಳಿಗೆ ಇಲ್ಲವಾ ಎಂದು ನಾನು ಕೇಳಬೇಕೆಂದಿದ್ದೆ. ಇವರು ನನ್ನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದರು.

ಬಿ ವಿಂಗಿನವರು ಟ್ಯಾಂಕ್ ತೆರೆಯಿರಿ ಎಂದು ಕೂಗಲು ಶುರು ಮಾಡಿದರು. ಚೇರ್ಮನ್ನರಿಗೆ ಅದು ಬೇಡವಾಗಿತ್ತು, ಅದಕ್ಕೂ ಕಾರಣವಿತ್ತು: ಅವರು ತಮ್ಮ ಫ್ಲ್ಯಾಟು ಮಾರಿ ಥಾಣೆಯ ಕಡೆ ಹೋಗಿ ನೆಲೆಸುವವರಿದ್ದರು, ಗಿರಾಕಿ ವಾರಕ್ಕೆರಡು ಸಲ ಬಂದು ಗೋಡೆ ಮುಟ್ಟಿ ನೋಡುತ್ತಿದ್ದ. ಟ್ಯಾಂಕ್ ಒಡೆದು ರಿಪೇರಿಗೆ ಕೂತರೆ ಗಿರಾಕಿ ಓಡುತ್ತಾನೆ. ಆದ್ದರಿಂದ ಇನ್ನೊಂದು ಕಾಗದ ತಯಾರಾಯಿತು. ಟ್ಯಾಂಕನ್ನು ಮತ್ತೆ ಪರೀಕ್ಷಿಸಲಾಗಿದೆ, ನೀರಿನಲ್ಲಿ ಯಾವ ದೋಷವೂ ಇಲ್ಲ, ಸದ್ಯಕ್ಕೆ ತೆರೆಯುವ ಅಗತ್ಯವಿಲ್ಲ. ಭಾನುವಾರದ ಮೀಟಿಂಗಿನಲ್ಲಿ ಎಲ್ಲರೆದುರು ಆಬದಾರ್ ಸಾಹಬ್ ಅದಕ್ಕೆ ಸಹಿ ಹಾಕುತ್ತಾರೆ. ಹಾಕಿದರೆ ಟ್ಯಾಂಕಿನ ಮುಚ್ಚಳ ದೀಪಾವಳಿವರೆಗೆ ಏಳುವುದಿಲ್ಲ. ಮಗಳಿಗಂತೂ ಆಗಿದ್ದು ಆಯಿತು. ಇಡೀ ಬಿಲ್ಡಿಂಗಿನ ಮಕ್ಕಳು ಅದೇ ನೀರು ಕುಡಿಯುತ್ತಿದ್ದರು. ಭಾನುವಾರಕ್ಕೆ ಇನ್ನು ಎಂಟು ದಿನ ಇತ್ತು. ಸಹಿ ಮಾಡಬೇಡಿ ಎಂದು ನಾನು ದಿನಕ್ಕೆ ಎರಡು ಸಲ ಹೇಳಿದೆ. "ನೋಡೂಣಂತ" ಎಂದು ಅವರು ಟಿ.ವಿ. ದೊಡ್ಡದು ಮಾಡಿದರು.

ಈ ನಡುವೆ, ಮಲಗಿ ಮಲಗಿ ಬೇಸತ್ತ ಮಗಳು ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಹುಡುಕುತ್ತಿದ್ದವಳು ಒಂದು ಸಂಜೆ ಅಡ್ಡಹೆಸರನ್ನೂ ಹುಡುಕಿದಳು. ಅವಳ ಕನ್ನಡ ನಿಮಗೆ ಗೊತ್ತಿಲ್ಲ. ನಾಲ್ಕು ಭಾಷೆ ಸೇರಿದ ಮಿಸಳ್ ಅದು. "ಅಜ್ಜಾ, ಸುನೋ ನಾ! ಆಬ್ ಅಂದ್ರೆ ಪಾನಿ. ಫಾರ್ಸಿ ಇದೆ. ಆಬ್‌ದಾರ್ ಅಂದ್ರೆ ಕಿಂಗ್‌ಗೆ ಪಾನಿ ಕೊಡುವ ಆದ್ಮಿ. ಅರಮನೆಯಲ್ಲಿ ಆಬ್‌ದಾರ್‌ಖಾನಾ ಅಂತ ಡಿಪಾರ್ಟ್‌ಮೆಂಟ್ ಇತ್ತಂತೆ. ವಾಟರ್ ಇನ್‌ಚಾರ್ಜ್! ಅಜ್ಜಾ, ಸೇಮ್ ಟು ಸೇಮ್ ನೀವೇ!"

ಕಾಮಾಲೆಯ ಮುಖದಲ್ಲಿ ಹತ್ತು ದಿನದ ಮೇಲೆ ಬಂದ ನಗು ಅದು. ಮಾವನ ಮುಖದಲ್ಲಿ ಇದ್ದ ನಗು ಹೋಯಿತು. "ನೀರು ತುಂಬಾವೇನ?" ಎಂದರು. ಆ ರಾತ್ರಿ ಊಟ ಮಾಡಲಿಲ್ಲ. ಮುತ್ತುರತ್ನ ಹೋಯಿತು, ಖಡ್ಗ ಹೋಯಿತು, ಸೇನಾಪತಿ ಹೋದ. ಫೋನಿನಲ್ಲಿ ಕಾಕಾ ಹೌಹಾರಿದರು: ಮಗನ ಮದುವೆಯ ಕಾರ್ಡಿನ ಮೇಲೆ ಎರಡು ಖಡ್ಗದ ಚಿತ್ರ ಹಾಕಿಸಿ ಆಗಿತ್ತು. "ಹೊರಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಬೀಗರಿಗೆ ಗೊತ್ತಾತಂದ್ರ ಏನು ಗತಿ!"

ಅತ್ತೆ ಮಾತ್ರ ಬಟ್ಟಲಿಗೆ ಗಂಜಿ ಹಾಕುತ್ತ ನಕ್ಕರು. ಇಪ್ಪತ್ತೆರಡು ವರ್ಷದಲ್ಲಿ ಅವರು ಮನೆತನದ ಬಗ್ಗೆ ಆಡಿದ ಒಂದೇ ಮಾತು ಅದು: "ನಲವತ್ತು ವರ್ಷ ಆತು, ಮುಂಜಾನೆ ಐದಕ್ಕ ಎದ್ದು ಈ ಮನೀಗೆ ನೀರು ತುಂಬಾಕತ್ತೀನಿ. ಒಬ್ಬನೂ ಬಂದು ನೀ ದರಬಾರದಾಕಿ ಅನ್ಲಿಲ್ಲ."

ಮೊಬೈಲನ್ನು ನಂಬಬೇಕೋ ಬೇಡವೋ ಎಂದು ನನಗೂ ಅನುಮಾನ. ಮಗಳಿಗೆ ಮೋಸಂಬಿ ತರಲು ಬೈಕುಲ್ಲಾದ ಮಾರ್ಕೆಟ್ಟಿಗೆ ಹೋದವಳು, ಅಪ್ಪನ ಕಾಲದಿಂದ ಪರಿಚಯದ ಇರಾನಿ ಹೋಟೆಲಿನ ಮುದುಕರ ಹತ್ತಿರ ಹೋಗಿ ಕೂತೆ. ಅವರ ಮನೆಯಲ್ಲಿ ಫಾರ್ಸಿ ಇವತ್ತಿಗೂ ಆಡುತ್ತಾರೆ. ಪ್ರಶ್ನೆ ಕೇಳಿ ಅವರು ಬನ್ನಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಿದರು. ಹೌದು, ಆಬ್ ಅಂದರೆ ನೀರೇ, ದಾರ್ ಅಂದರೆ ಅದನ್ನು ಇಟ್ಟುಕೊಂಡವ. ಆದರೆ ಸುಮ್ಮನೆ ಕೊಡ ಹೊರುವವನಲ್ಲ ಮಗಳೇ, ಎಂದರು. ರಾಜನ ನೀರನ್ನು ದೂರದ ಒಳ್ಳೆಯ ಬಾವಿಯಿಂದ ತರಿಸಿ, ಹೂಜಿಯ ಬಾಯಿ ಕಟ್ಟಿ ಮುದ್ರೆ ಒತ್ತಬೇಕು. ಬೇಸಿಗೆಯಲ್ಲಿ ಸಿಡಿಮದ್ದಿಗೆ ಹಾಕುವ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಹೂಜಿ ತಿರುಗಿಸಿ ತಂಪು ಮಾಡಬೇಕು. ರಾಜ ಕೇಳಿದಾಗ ಅವನೆದುರೇ ಮುದ್ರೆ ಒಡೆದು ಮೊದಲ ಗುಟುಕು ತಾನು ಕುಡಿಯಬೇಕು. ಆಮೇಲೆ ರಾಜ. "ಚಂದದ ನೌಕರಿ," ಎಂದು ಮುದುಕರು ಮತ್ತೆ ಬೆಣ್ಣೆಗೆ ಕೈ ಹಾಕಿದರು, "ದಿನಾ ರಾಜನಿಗಿಂತ ಮೊದಲು ತಂಪು ನೀರು. ಯಾವುದೋ ಒಂದು ದಿನ ಮಾತ್ರ ಸ್ವಲ್ಪ ತೊಂದರೆ."

ನಾನು ಇದನ್ನು ಮನೆಯಲ್ಲಿ ಹೇಳಿದ್ದು ಮಾವನಿಗೆ ಚುಚ್ಚಲಿಕ್ಕೇ. ನೋಡಿ, ನಿಮ್ಮ ಹಿರಿಯರು ಕುಡಿದು ನೋಡಿ ಮುದ್ರೆ ಒತ್ತುತ್ತಿದ್ದರು, ನೀವು ಫೋಟೋ ನೋಡಿ ಒತ್ತಿದಿರಿ, ಎನ್ನಬೇಕೆಂದಿದ್ದೆ. ನನಗೆ ಅಷ್ಟು ಹೇಳಲು ಅವರು ಬಿಟ್ಟರೆ ತಾನೆ! "ರಾಜನಿಗಿಂತ ಮೊದಲು ಕುಡೀತಿದ್ರು" ಅಂದದ್ದೇ ತಡ, ಎದ್ದು ಕೂತರು. "ಅಂದ್ರ? ಅಂದ್ರ ರಾಜನ ಪ್ರಾಣ ನಮ್ಮ ಹಿರ್ಯಾರ ಕೈಯಾಗಿತ್ತು!" ಅರ್ಧ ಗಂಟೆಯಲ್ಲಿ ಕಾಕಾ ಫೋನಿನಲ್ಲಿ ಹೊಸ ಪದ ಕಟ್ಟಿ ಕೊಟ್ಟರು: ಪ್ರಾಣರಕ್ಷಕ. ಖಡ್ಗದ ಚಿತ್ರ ಉಳಿಯಿತು. ಮಾವ ಮೂರು ದಿನದ ಮೇಲೆ ರೊಟ್ಟಿ ಉಂಡರು, ಶರ್ಟು ಹಾಕಿಕೊಂಡು ಕೆಳಗೆ ಹೋದರು, ಮತ್ತು ಲಿಫ್ಟಿನ ಹತ್ತಿರ ಸಿಕ್ಕವರನ್ನೆಲ್ಲ ನಿಲ್ಲಿಸಿ ಆಬದಾರ ಅಂದರೆ ಯಾರು, ಮೊದಲ ಗುಟುಕು ಯಾರದು ಎಂದು ವಿವರಿಸಿದರು. ಚೇರ್ಮನ್ನರಿಗಂತೂ ಎರಡು ಸಲ ಹೇಳಿದರು. ಚೇರ್ಮನ್ನರು ತಾಳ್ಮೆಯಿಂದ ಕೇಳಿದರು. ಅವರು ಯಾರ ಮಾತನ್ನೂ ಅಷ್ಟು ಹೊತ್ತು ಕೇಳಿದವರಲ್ಲ; ಆಗಲೇ ನಮಗೆ ಸಂಶಯ ಬರಬೇಕಿತ್ತು.

ಭಾನುವಾರ ಹನ್ನೊಂದಕ್ಕೆ ಮೀಟಿಂಗು. ಮಗಳನ್ನು ಇವರ ಹತ್ತಿರ ಬಿಟ್ಟು ನಾನೂ ಅತ್ತೆಯೂ ಇಳಿದೆವು. ತಿರುಗುವ ಕುರ್ಚಿ ಬಂದಿತ್ತು, ಬಾಟಲಿಯೂ. ಬಿ ವಿಂಗಿನ ಹೆಂಗಸರು ಡಾಕ್ಟರ ಚೀಟಿ ಹಿಡಿದುಕೊಂಡು ಬಂದಿದ್ದರು, ಜಗಳ ಜೋರಾಯಿತು. ಚೇರ್ಮನ್ನರು ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಸರ್ಟಿಫಿಕೇಟಿನ ಮೇಲೆ ನಿಮಗೆ ನಂಬಿಕೆ ಇಲ್ಲವಾ? ಸರಿ. ನಮ್ಮ ಬಿಲ್ಡಿಂಗಿನಲ್ಲಿ ಖಾನದಾನಿ ಆಬದಾರರು ಇದ್ದಾರೆ. ಬಾದಶಾಹನ ಕಾಲದ ರಿವಾಜಿನ ಹಾಗೆ ಅವರು ನಿಮ್ಮೆಲ್ಲರ ಎದುರು ಮೊದಲ ಗುಟುಕು ಕುಡಿಯುತ್ತಾರೆ, ಆಮೇಲೆ ಸಹಿ ಹಾಕುತ್ತಾರೆ. ಇನ್ನೇನು ಬೇಕು? ಹೀಗೆ ಹಿಂದಿಯಲ್ಲಿ ಹೇಳಿ ವಾಚ್‌ಮನ್ನಿಗೆ ಸನ್ನೆ ಮಾಡಿದರು. ಟ್ಯಾಂಕಿನ ನೀರೇ ಬರುವ ಪಾರ್ಕಿಂಗಿನ ನಲ್ಲಿಯಿಂದ ಒಂದು ಸ್ಟೀಲಿನ ಲೋಟದಲ್ಲಿ ನೀರು ಬಂತು. ಯಾರೋ ಚಪ್ಪಾಳೆ ಹೊಡೆದರು. ಎ ವಿಂಗಿನ ಇಬ್ಬರು ಮೊಬೈಲ್ ಎತ್ತಿ ಹಿಡಿದರು.

ಮಾವ ಎದ್ದರು. ಎತ್ತಿದ್ದು ನಮ್ಮ ಬೈಕುಲ್ಲಾ ಮನೆಯಲ್ಲಿ ನೋಡಿದ ಅದೇ ಕತ್ತು. ಈ ಮನುಷ್ಯ ಕುಡಿಯುತ್ತಾರೆ, ಎಂದುಕೊಂಡೆ. ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ. ಚಪ್ಪಾಳೆಗಾಗಿ ಕುಡಿದು ಸಹಿ ಹಾಕಿ ಬರುತ್ತಾರೆ, ನಾವು ಇನ್ನೊಂದು ಹಾಸಿಗೆ ಹಾಸಬೇಕು. ಪಕ್ಕದಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದರು, ಬಳೆ ಒತ್ತಿ ನೋಯುತ್ತಿತ್ತು. ಲೋಟ ಅವರ ಗದ್ದದವರೆಗೆ ಹೋಯಿತು. ಅಲ್ಲಿ ನಿಂತಿತು.

"ಪೀಜಿಯೆ, ಪೀಜಿಯೆ" ಎಂದರು ಚೇರ್ಮನ್ನರು.

ಮಾವ ಲೋಟವನ್ನು ಮೇಜಿನ ಮೇಲೆ, ಆ ಕಾಗದದ ಮೇಲೆಯೇ ಇಟ್ಟರು. ಅವರ ಹಿಂದಿ ಅಷ್ಟಕ್ಕಷ್ಟೇ. ಆ ದಿನ ಅದೂ ಕೈಕೊಟ್ಟಿತು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದರು. ನಾನು ಕುಡಿಯುವುದಿಲ್ಲ. ಮೇ ತಿಂಗಳಲ್ಲಿ ನಾನು ಟ್ಯಾಂಕ್ ನೋಡಲೇ ಇಲ್ಲ, ಫೋಟೋ ನೋಡಿ ಸಹಿ ಮಾಡಿದೆ. ಆಮೇಲೆ ತಲೆ ತಗ್ಗಿಸಿ, ಹಿಂದಿ ಪೂರಾ ಬಿಟ್ಟು, "ಫೋಟೋದಾಗ ಬಿಳೀ ಟೈಲ್ಸ್ ಇದ್ವು. ನಮ್ಮ ಟ್ಯಾಂಕಿಗೆ ಟೈಲ್ಸ್ ಇಲ್ಲ, ಸಿಮಿಟ್ ಐತಿ. ಅದು ಬ್ಯಾರೆ ಯಾರದೋ ಟ್ಯಾಂಕು. ನನಗ ಅವತ್ತ ಗೊತ್ತಾಗಿತ್ತು. ಗೊತ್ತಿದ್ದೂ ಸಹಿ ಮಾಡಿದೆ. ನನ್ನ ಸಾಹೇಬ ಅಂತ ಕರದಿದ್ರು, ಬ್ಯಾಡ ಅನ್ನಾಕ ಆಗ್ಲಿಲ್ಲ" ಅಂದರು.

ಕನ್ನಡ ಬಾರದವರು ಏನಂತೆ ಏನಂತೆ ಎಂದು ಒಬ್ಬರನ್ನೊಬ್ಬರು ಕೇಳಿದರು. ನಾನೇ ಎದ್ದು ಹಿಂದಿಯಲ್ಲಿ ಹೇಳಬೇಕಾಯಿತು, ಒಂದೊಂದು ಮಾತನ್ನೂ, ನನ್ನ ಮಾವ ಗೊತ್ತಿದ್ದೂ ಸುಳ್ಳು ಸಹಿ ಮಾಡಿದರು ಎಂಬುದನ್ನೂ. ಬಿ ವಿಂಗಿನ ಒಬ್ಬಾಕೆ ಮಾವನನ್ನು ನೋಡಿ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅವಳ ಎರಡೂ ಮಕ್ಕಳು ಮಲಗಿದ್ದರು, ಅವಳು ಅಂದದ್ದು ತಪ್ಪಲ್ಲ. ಮಾವ ಕೇಳಿಸಿಕೊಂಡು ನಿಂತೇ ಇದ್ದರು. ಚೇರ್ಮನ್ನರು ಕುರ್ಚಿಯನ್ನು ಆ ಕಡೆ ಈ ಕಡೆ ತಿರುಗಿಸಿ, ಬುಡ್ಢಾ ಗಾಬರಿಯಾಗಿದ್ದಾನೆ, ನೀರು ಫಸ್ಟ್ ಕ್ಲಾಸ್ ಇದೆ ಎಂದು ಶುರು ಮಾಡಿದರು. ಆಗ ಮಾವ ಲೋಟವನ್ನು ಎತ್ತಿ ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದರು. "ಫಿರ್ ಆಪ್ ಪೀವೋ, ಸಾಹಬ್."

ಚೇರ್ಮನ್ನರ ಕೈ ಮೇಲೇಳಲಿಲ್ಲ. ಪಾರ್ಕಿಂಗಿನಲ್ಲಿದ್ದ ಅಷ್ಟೂ ಜನ ಅವರ ಮಗ್ಗುಲಿನ ಸೀಲು ಬಾಟಲಿಯನ್ನು ನೋಡಿದರು. ಬಿ ವಿಂಗಿನ ಗಂಡಸರು ಹಾರೆ ತಂದರು.

ಮುಚ್ಚಳ ಎದ್ದಾಗ ಬಂದ ನಾತಕ್ಕೆ ಎಲ್ಲರೂ ಹಿಂದೆ ಸರಿದರು. ಪಕ್ಕದ ಗಟಾರದ ಗೋಡೆ ಬಿರುಕುಬಿಟ್ಟು ಟ್ಯಾಂಕಿನೊಳಗೆ ಕಪ್ಪಗೆ ಜಿನುಗುತ್ತಿತ್ತು, ತಳದಲ್ಲಿ ಮೊಣಕಾಲುದ್ದ ಕೆಸರು. ಮಾವ ಹಿಂದೆ ಸರಿಯಲಿಲ್ಲ. ಟಾರ್ಚ್ ಹಿಡಿದು, ಅಂಚಿನಲ್ಲಿ ಮೊಣಕಾಲೂರಿ, ಮೂಲೆ ಮೂಲೆ ಬಿಡದೆ ನೋಡಿದರು. ಮೇ ತಿಂಗಳಲ್ಲಿ ಮಾಡಬೇಕಾದ ಕೆಲಸವನ್ನು ಆಗ ಮಾಡಿದರು. ಮುಗಿದ ಮೇಲೆ ವಾಲ್ವಿನ ಚಾವಿಯನ್ನು ಸೆಕ್ರೆಟರಿಯ ಕೈಗೆ ಕೊಟ್ಟು ಯಾರ ಜೊತೆಗೂ ಮಾತಾಡದೆ ಮೆಟ್ಟಿಲು ಹತ್ತಿದರು.

ಮೇಲೆ ಮಗಳು ದಿಂಬಿಗೆ ಒರಗಿ ಕೂತಿದ್ದಳು. ಕಿಟಕಿಯಿಂದ ಅವಳಿಗೆ ಗಲಾಟೆ ಕೇಳಿಸಿತ್ತು, ಲೋಟದ ಸುದ್ದಿ ಯಾರೋ ಮೊಬೈಲಿಗೆ ಕಳಿಸಿಯೂ ಇದ್ದರು. "ಅಜ್ಜಾ, ನೀವು ಕುಡಿದ್ರಾ? ಸಚ್ ಹೇಳಿ."

"ಇಲ್ಲವಾ. ಕುಡೀಲಿಲ್ಲ."

"ಥ್ಯಾಂಕ್ ಗಾಡ್." ಅವಳಿಗೆ ಅಳು ಬಂದಿತ್ತು, ಆದರೂ ಕೀಟಲೆ ಬಿಡಲಿಲ್ಲ. "ಪರ್ ಅಜ್ಜಾ, ಫಸ್ಟ್ ಆಬ್‌ದಾರ್ ಕುಡೀಬೇಕು ಅಲ್ವಾ? ನಿಯಮ ಇದೆ ನಾ?"

ಮಾವ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವಳ ಹಳದಿ ಅಂಗೈಯನ್ನು ಹಿಡಿದು ನೋಡಿದರು.

"ಕುಡ್ಯೂದು ಆಗಿತ್ತಲ್ಲ ಯವ್ವಾ," ಅಂದರು. "ನನ್ನಕಿಂತ ಮೊದಲ ನೀ ಕುಡದಿದ್ದಿ."